ಮೂರನೇ ಪುಟದ ಆ ನಾಲ್ಕು ಸಾಲು

ಪ್ರಿಯ ಮಿತ್ರರೇ,

ನೀವು ಟೂಸಾನ್‌ನಿಂದ ನಮ್ಮ ಪತ್ರಿಕೆಗೆ ಕಳಿಸಿದ, ಹಳೆಯ ಕೋಲ್ಟ್ ರಿವಾಲ್ವರಿನ ಕುರಿತ ‘ಪಕ್ಕದ ಮನೆ ಅಜ್ಜನ ಕೋಲ್ಟ್’ ಪ್ರಬಂಧ ಓದಿದೆ. ಅಜ್ಜನ ಚಿತ್ರ ಚೆನ್ನಾಗಿ ಬಂದಿದೆ. ಅರಿಝೋನಾದ ಬೆಳಗೂ ಇಷ್ಟವಾಯಿತು. ಆದರೆ ಮೂರನೇ ಪುಟಕ್ಕೆ ಬಂದಾಗ ಸಿಟ್ಟು ಬಂತು, ಆಮೇಲೆ ಭಯವಾಯಿತು. ಈ ಪತ್ರ ಆ ಪುಟದ ಬಗ್ಗೆಯೇ.

ನೀವು ಬರೆದಿರುವುದು ಇಷ್ಟು: “ಅಂಗಡಿಯಲ್ಲಿ .45 ಕೋಲ್ಟ್ ಗುಂಡು ಕೇಳಿದೆ. ಇದ್ದುದರಲ್ಲಿ ಜೋರಾದದ್ದನ್ನೇ ಕೊಟ್ಟರು. ಗುಂಡು ಮನೆಯೊಳಗೆ ಸಲೀಸಾಗಿ ಕೂತಿತು. ಅಳತೆ ಸರಿಯಿದ್ದ ಮೇಲೆ ಮತ್ತೇನು ಯೋಚನೆ?”

ಇಲ್ಲಿ ಮನೆ ಅಂದರೆ ರಿವಾಲ್ವರಿನ ತಿರುಗುವ ಸಿಲಿಂಡರಿನಲ್ಲಿ ಗುಂಡು ಕೂರುವ ತೂತು. ಒಂದೊಂದೇ ಸಾಲು ನೋಡೋಣ.

“.45 ಕೋಲ್ಟ್ ಕೇಳಿದೆ.” ಮೊದಲನೇ ಪುಟದಲ್ಲಿ ನೀವೇ ಹೇಳಿದ್ದೀರಿ, ಆ ರಿವಾಲ್ವರ್ 1884ರಲ್ಲಿ ತಯಾರಾದದ್ದು ಅಂತ. ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಮಾದರಿ ಬಂದದ್ದು 1873ರಲ್ಲಿ. ಆಗ ತೋಟಾದೊಳಗೆ, ಅಂದರೆ ಗುಂಡು, ಮದ್ದು ಎರಡನ್ನೂ ಹಿಡಿದಿರುವ ಕೊಳವೆಯೊಳಗೆ, ತುಂಬುತ್ತಿದ್ದದ್ದು ಕರಿಮದ್ದು, ಸುಮಾರು 40 ಗ್ರೇನ್. ಅಂದರೆ ಎರಡೂವರೆ ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅದರ ಮುಂದೆ 255 ಗ್ರೇನ್ ತೂಕದ ಸೀಸದ ಗುಂಡು. ಆ ಕಾಲದ ಲೋಹ ಅಷ್ಟನ್ನು ತಾಳಿದರೆ ಸಾಕಿತ್ತು. ಆಮೇಲೆ ಬಂದ, ಹೆಚ್ಚು ಜೋರಿನ ಹೊಗೆಯಿಲ್ಲದ ಮದ್ದಿಗೂ ಇದು ಆಗುತ್ತದೆ ಎಂದು ಕಂಪನಿ ಭರವಸೆ ಕೊಡಲು ಶುರು ಮಾಡಿದ್ದು 1900ರ ಹೊತ್ತಿಗೆ, ಕ್ರಮಸಂಖ್ಯೆ 1,92,000ದ ಆಸುಪಾಸಿನಿಂದ. ಅಜ್ಜನದು ಅದಕ್ಕಿಂತ ಹದಿನಾರು ವರ್ಷ ಹಳೆಯದು.

“ಜೋರಾದದ್ದನ್ನೇ ಕೊಟ್ಟರು.” ಎಷ್ಟು ಜೋರು? ಡಬ್ಬದ ಬಣ್ಣ ಹೇಳಿದ್ದೀರಿ, ಅದರ ಮೇಲೆ ಏನು ಬರೆದಿತ್ತು ಅಂತ ಹೇಳಿಲ್ಲ. ಮಾಮೂಲಿ .45 ಕೋಲ್ಟ್ ತೋಟಾದ ಒತ್ತಡಕ್ಕೆ ಅಮೆರಿಕದಲ್ಲಿ ಇಟ್ಟಿರುವ ಮಿತಿ ಚದರ ಇಂಚಿಗೆ 14,000 ಪೌಂಡ್. ಅದೇ ಹೆಸರಲ್ಲಿ, ರೂಗರ್ ಬ್ಲ್ಯಾಕ್‌ಹಾಕ್‌ನಂಥ ಗಟ್ಟಿ ರಿವಾಲ್ವರ್‌ಗಳಿಗೆಂದೇ ತುಂಬುವ ತೋಟಾಗಳೂ ಇವೆ. ಅವುಗಳಲ್ಲಿ ಕೆಲವು ಸುಮಾರು 30,000ದವರೆಗೆ ಹೋಗುತ್ತವೆ. ಈಗಿನ ಮಾಮೂಲಿಯದೇ, ಹೊಗೆಯಿಲ್ಲದ ಮದ್ದಿನದಾದ್ದರಿಂದ, 1884ರ ಕೋಲ್ಟ್‌ಗೆ ಸಲ್ಲದು. ಇನ್ನು ಜೋರಾದದ್ದರ ಮಾತೇನು?

“ಸಲೀಸಾಗಿ ಕೂತಿತು.” ನನ್ನನ್ನು ಹೆದರಿಸಿದ್ದು ಈ ಸಾಲು. .454 ಕಸುಲ್ ಅಂತ ಇನ್ನೊಂದು ತೋಟಾ ಇದೆ, ಬಹಳ ಜೋರಿನದು. ಅದರ ಕೊಳವೆಯನ್ನು ಬೇಕೆಂದೇ ಉದ್ದ ಮಾಡಿದ್ದಾರೆ, .45 ಕೋಲ್ಟ್‌ನ ಮನೆಯೊಳಗೆ ಕೂರದಿರಲಿ ಅಂತ. ಜೋರಾಗಿ ತುಂಬಿದ .45ಕ್ಕೆ ಅಂಥ ತಡೆ ಯಾವುದೂ ಇಲ್ಲ. ಹೆಸರು ಅದೇ, ಉದ್ದ ಅದೇ, ದಪ್ಪ ಅದೇ. ಒಳಗಿರುವ ಮದ್ದು ಮಾತ್ರ ಬೇರೆ. ಈ ಮಾದರಿಯಲ್ಲಿ ಸಿಲಿಂಡರನ್ನು ಹಿಡಿದು ನಿಲ್ಲಿಸುವ ಕಚ್ಚುಗಳು ಸರಿಯಾಗಿ ಮನೆಗಳ ಮೇಲೆಯೇ ಬರುತ್ತವೆ. ಅಲ್ಲಿ ಗೋಡೆ ತೀರಾ ತೆಳು. ಅದು ಬಿರಿದರೆ ಹಿಡಿದವರ ಕೈ ಹೋಗುತ್ತದೆ, ಪಕ್ಕದಲ್ಲಿ ನಿಂತವರ ಕಣ್ಣು ಹೋಗುತ್ತದೆ. ನಿಮ್ಮ ಪ್ರಬಂಧದಲ್ಲಿ ಪಕ್ಕದಲ್ಲಿ ನಿಂತದ್ದು ನಿಮ್ಮ ಮಗಳು, ಅಲ್ವಾ?

ಇನ್ನೊಂದು ದೂರು, ಮಾತಿನದು. ಆ ಪುಟದಲ್ಲಿ ‘ಗುಂಡು’ ಅನ್ನುವ ಪದ ಹನ್ನೊಂದು ಸಲ ಬಂದಿದೆ. ಕೆಲವೆಡೆ ಅದು ಹಾರಿಹೋಗುವ ಸೀಸ, ಕೆಲವೆಡೆ ಇಡೀ ತೋಟಾ, ಒಂದು ಕಡೆಯಂತೂ ಮದ್ದು. ನಮ್ಮ ಮಲೆನಾಡಿನಲ್ಲಿ ಕೋವಿ ಇರುವ ಮನೆಯ ಹುಡುಗರೂ ತೋಟಾ, ಮದ್ದು, ಚರೆ, ಕೇಪು ಅಂತ ಬಿಡಿಸಿ ಹೇಳುತ್ತಾರೆ. ನೀವು ಬಿಡಿಸಿ ಬರೆದಿದ್ದರೆ ತಪ್ಪು ನಿಮಗೇ ಕಾಣುತ್ತಿತ್ತು. ಗುಂಡು ಸರಿಯಿದೆ, ಮದ್ದು ಯಾವುದು ಅಂತ ಪೆನ್ನೇ ಕೇಳುತ್ತಿತ್ತು.

ನಾನು ಇಷ್ಟೊಂದು ಕೆದಕುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೃಷಿ ಮಾಸಿಕದಲ್ಲಿ ಕರಡು ತಿದ್ದುತ್ತಿದ್ದೆ. ಮೆಣಸಿನಗಿಡಕ್ಕೆ ಹೊಡೆಯುವ ಔಷಧಿ, ಲೀಟರ್ ನೀರಿಗೆ 0.5 ಮಿಲಿ ಅಂತ ಲೇಖಕರು ಬರೆದಿದ್ದರು. ಅಚ್ಚಾದದ್ದು 5 ಮಿಲಿ. ನಾನು ಆ ಪುಟದಲ್ಲಿ ಒತ್ತಕ್ಷರ, ದೀರ್ಘ ಎಲ್ಲ ತಿದ್ದಿದ್ದೆ. ಅಂಕಿಯನ್ನು ಮೂಲದ ಜೊತೆ ಹೋಲಿಸಿ ನೋಡಿರಲಿಲ್ಲ. ಎರಡು ವಾರ ಕಳೆದ ಮೇಲೆ ಓದುಗರೊಬ್ಬರು ಬಸ್ಸಿನಲ್ಲಿ ಬಂದರು. ಸುಟ್ಟು ಮುರುಟಿದ ಗಿಡದ ಒಂದು ಕಟ್ಟು ತಂದಿದ್ದರು. ಬೈಯಲಿಲ್ಲ. “ನೀವು ಬರೆದಂಗೇ ಮಾಡಿದೆ ಸ್ವಾಮಿ” ಅಂದರು, ಅಷ್ಟೇ. ನಮ್ಮ ಸಂಪಾದಕರು ಆ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟು ಒಳಗೆ ಹೋದರು. ಒಣಗಿ ಪುಡಿಯಾಗುವವರೆಗೂ ಅದನ್ನು ಎತ್ತಿಹಾಕಲು ನನಗೆ ಧೈರ್ಯ ಬರಲಿಲ್ಲ. ಅವತ್ತಿನಿಂದ, ಓದುಗರು ಕೈಯಿಂದ ಮಾಡಿನೋಡಬಹುದಾದ ಸಾಲು ಬಂದರೆ ನಾನು ಅಲ್ಲೇ ನಿಲ್ಲುತ್ತೇನೆ. ಅಮೆರಿಕದಲ್ಲಿರುವ ಕನ್ನಡಿಗರೂ ನಮ್ಮನ್ನು ಓದುತ್ತಾರೆ. ಒಬ್ಬರ ಮನೆಯಲ್ಲಾದರೂ ಹಳೆಯ ಕೋಲ್ಟ್ ಇರಬಹುದು.

ಪ್ರಬಂಧ ನನಗೆ ಬೇಕು. ಆ ಪುಟವನ್ನು ಮತ್ತೆ ಬರೆಯಿರಿ. ಮೊದಲು ಅಜ್ಜನ ಜೊತೆ ಹಳೆಯ ಕೋಲ್ಟ್ ಬಲ್ಲ ರಿಪೇರಿಯವರ ಹತ್ತಿರ ಹೋಗಿ ಬನ್ನಿ. ಕ್ರಮಸಂಖ್ಯೆ ನೋಡಿಸಿ. ಸಿಲಿಂಡರ್, ನಳಿಗೆ, ಕುದುರೆ (ತೋಟಾದ ಹಿಂಬದಿಗೆ ಬಡಿಯುವ ಸುತ್ತಿಗೆ) ಎಲ್ಲ ಪರೀಕ್ಷೆಯಾಗಲಿ. ಹೊಡೆಯಬಹುದು ಅಂತ ಅವರು ಹೇಳಿದರೆ ಕರಿಮದ್ದಿನ ತೋಟಾ, ಮೆತ್ತನೆಯ ಸೀಸದ ಗುಂಡು, ಅಷ್ಟೇ. ‘ಕೌಬಾಯ್ ಲೋಡ್’ ಅಂತ ಮಾರುವ ಹಗುರ ತೋಟಾಗಳಲ್ಲೂ ಸಾಮಾನ್ಯವಾಗಿ ಇರುವುದು ಹೊಗೆಯಿಲ್ಲದ ಮದ್ದೇ. ಹಗುರ ಅನ್ನುವ ಮಾತಿಗೆ ಮರುಳಾಗಬೇಡಿ. ಕರಿಮದ್ದಿನ ಮಸಿ ಕಬ್ಬಿಣವನ್ನು ತಿನ್ನುತ್ತದೆ. ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಅಜ್ಜ ಅಡುಗೆಮನೆಯಲ್ಲಿ ನೀರು ಕಾಯಿಸಿ ಅಪ್ಪನ ಕಾಲದ ಕೋಲ್ಟ್ ತೊಳೆಯುವುದನ್ನು ನೀವು ಬರೆಯಬಲ್ಲಿರಿ. ಗುಂಡು ಹಾರಿಸುವ ಖುಷಿಗೇ ಆದರೆ ಇಟಲಿಯ ಉಬೆರ್ಟಿಯಂಥ ಕಂಪನಿಗಳು ಇದೇ ಮಾದರಿಯನ್ನು ಈಗಿನ ಉಕ್ಕಿನಲ್ಲಿ ಮಾಡುತ್ತವೆ.

“ಆರೂ ಮನೆ ತುಂಬಿ ಸೊಂಟಕ್ಕೆ ಸಿಕ್ಕಿಸಿದರು” ಅನ್ನುವ ಸಾಲನ್ನೂ ತೆಗೆಯಿರಿ. ಇದರಲ್ಲಿ ಐದೇ ತುಂಬುವುದು. ಕುದುರೆ ಖಾಲಿ ಮನೆಯ ಮೇಲೆ ಇರಬೇಕು. ತುಂಬಿದ ಮನೆಯ ಮೇಲಿದ್ದು ಕೈಜಾರಿ ಬಿದ್ದರೆ ಈಡು ಹಾರುತ್ತದೆ.

ಹೊಸ ಪುಟಕ್ಕೆ ಒಂದು ತಿಂಗಳು ಕಾಯುತ್ತೇನೆ. ಆದರೆ ಒಂದು ಕೆಲಸ ಇವತ್ತೇ ಆಗಬೇಕು. 50ರ ಡಬ್ಬದಲ್ಲಿ 18 ಹೊಡೆದೆವು ಅಂತ ಬರೆದಿದ್ದೀರಿ. ಉಳಿದ 32 ತೋಟಾ ಆ ಮನೆಯಲ್ಲೇ ಇರಬೇಕು. ಈ ಪತ್ರ ಮಡಿಚಿಟ್ಟು ಅಜ್ಜನ ಬಾಗಿಲು ತಟ್ಟಿ, ಆ ಡಬ್ಬವನ್ನು ಕೋಲ್ಟ್ ಇಟ್ಟ ಜಾಗದಿಂದ ಬೇರೆ ಕಡೆಗೆ ತೆಗೆಸಿ.