ರಾತ್ರಿ ಹನ್ನೆರಡಾದರೂ ಮುಗಿಯದ ಹೋಂವರ್ಕ್

ಸೋಮವಾರ ಬಂದರೆ ಸಾಕು, ಹುಡುಗನಿಗೆ ಹೊಟ್ಟೆನೋವು. ಡಾಕ್ಟರಿಗೆ ತೋರಿಸಿದರೂ ಏನೂ ಸಿಕ್ಕಿರಲಿಲ್ಲ. ಬಾಗಲಕೋಟೆ ಜಿಲ್ಲೆಯ ನೇಕಾರರ ಊರೊಂದರಿಂದ ಅಪ್ಪ, ಅಮ್ಮ ಅವನನ್ನು ಸಲಹೆಗಾಗಿ ನನ್ನ ಹತ್ತಿರ ಕರೆತಂದರು. ಒಂಬತ್ತನೇ ಕ್ಲಾಸು. ಸಂಜು ಅನ್ನೋಣ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

"ಮೊದಲ ಭಾಳ ಶಾಣ್ಯಾ ಇದ್ದ ರೀ ಮೇಡಂ, ಈಗ ಸಾಲಿ ಅಂದ್ರ ಅಳ್ತಾನ" ಎಂದರು ತಾಯಿ. ಸಂಜು ನೆಲ ನೋಡುತ್ತಾ ಒಂದೇ ಮಾತು ಹೇಳಿದ: "ಹೋಂವರ್ಕ್ ಮುಗಿಯೂದಿಲ್ರಿ." ಭಾನುವಾರ ರಜೆ ಅಂತ ಆರೂ ವಿಷಯದವರು ಜಾಸ್ತಿ ಕೊಡುತ್ತಾರೆ, ಮುಗಿಸದವರು ಸೋಮವಾರ ಕ್ಲಾಸಿನ ಹೊರಗೆ ನಿಲ್ಲಬೇಕು.

ಒಂದು ವಾರ ಯಾವ ವಿಷಯಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡು ತಮ್ಮಾ, ಎಂದೆ. ಬರೆದು ತಂದ. ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಗಂಟೆ! ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೈಡ್ ನೋಡಿ ಪ್ರಶ್ನೋತ್ತರ ಎರಡೆರಡು ಸಲ ಬರೆಯುವುದು. ತಲೆ ಓಡಿಸಬೇಕಾದ ಗಣಿತ ಕೊನೆಗೆ, ಕಣ್ಣು ಮುಚ್ಚುವ ಹೊತ್ತಿಗೆ. ಬೆಳಗ್ಗೆ ಐದೂವರೆಗೆ ಟ್ಯೂಷನ್ ಅಂತ ಮತ್ತೆ ಏಳಬೇಕು, ಅಂದರೆ ನಿದ್ದೆ ಐದೇ ಗಂಟೆ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ಹೊಟ್ಟೆನೋವು ಸುಳ್ಳಲ್ಲ, ಭಯ ಮತ್ತು ನಿದ್ದೆಗೇಡು ಮೈಗೆ ಹೀಗೇ ತೋರುತ್ತವೆ.

ಕಷ್ಟವಾದದ್ದು ಅಪ್ಪನನ್ನು ಒಪ್ಪಿಸುವುದು. ಹೆಚ್ಚು ಬರೆಸುವ ಶಾಲೆಯೇ ಒಳ್ಳೆಯ ಶಾಲೆ ಅಂತ ಅವರ ನಂಬಿಕೆ, ತಾವು ಓದಲಾಗದ ನೋವು ಅದರ ಹಿಂದಿತ್ತು. ನಿದ್ದೆಗಣ್ಣಲ್ಲಿ ನೇಯ್ದರೆ ಸೀರೆ ಹೇಗೆ ಬರುತ್ತೆ ಎಂದು ಕೇಳಿದೆ. "ಎಳಿ ತಪ್ಪತೈತ್ರಿ" ಎಂದವರು ಮಗನ ಕಡೆ ನೋಡಿದರು, ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ 6ರಿಂದ 8ನೇ ತರಗತಿಗೆ ದಿನಕ್ಕೆ 1 ಗಂಟೆ, 9ರಿಂದ 12ಕ್ಕೆ ಹೆಚ್ಚೆಂದರೆ 2 ಗಂಟೆ ಹೋಂವರ್ಕ್ ಎಂದಿದೆ. ನಾನು ಹೇಳಿದ್ದೂ ಅದನ್ನೇ. ಗಣಿತ ಮೊದಲು, ನಕಲು ಬರವಣಿಗೆ ಕೊನೆಗೆ. ಎರಡು ಗಂಟೆಯಾಯಿತಾ, ಪುಸ್ತಕ ಮುಚ್ಚು. "ಎರಡು ಗಂಟೆ ಕೂತು ಇಷ್ಟು ಮಾಡಿದ್ದೇನೆ" ಅಂತ ಅವನೇ ಬರೆಯಲಿ, ಕೆಳಗೆ ತಾಯಿ ಸಹಿ ಹಾಕಲಿ. ಮುಗಿಯದಿದ್ದಾಗ ಸೋಮಾರಿ ಅನ್ನಬೇಡಿ. ಆ ವಾರದ ಪಟ್ಟಿ ಹಿಡಿದು ಕ್ಲಾಸ್ ಟೀಚರನ್ನು ನೋಡಿ, ಜಗಳಕ್ಕಲ್ಲ, ತೋರಿಸುವುದಕ್ಕೆ. ಯಾಕೆಂದರೆ ಒಬ್ಬೊಬ್ಬರೂ ತಮ್ಮ ವಿಷಯಕ್ಕೆ ಮುಕ್ಕಾಲು ಗಂಟೆ ಅಷ್ಟೇ ಅಲ್ವಾ ಅಂದುಕೊಂಡಿರುತ್ತಾರೆ, ಆರೂ ಸೇರಿದರೆ ಎಷ್ಟಾಗುತ್ತೆ ಅಂತ ಯಾರೂ ಕೂಡಿಸಿರುವುದಿಲ್ಲ.

ಕ್ಲಾಸ್ ಟೀಚರ್ ಪಟ್ಟಿ ನೋಡಿ ಬೇಜಾರು ಮಾಡಿಕೊಂಡರಂತೆ. ಈಗ ಅಂದಂದಿನ ಹೋಂವರ್ಕ್ ಬೋರ್ಡಿನ ಮೂಲೆಯಲ್ಲಿ ಬರೆಯುತ್ತಾರೆ, ಮುಂದಿನ ಪೀರಿಯಡ್‌ನವರು ನೋಡಿ ಕಡಿಮೆ ಕೊಡುತ್ತಾರೆ. ಇಪ್ಪತ್ತು ಲೆಕ್ಕ ಆರಕ್ಕಿಳಿದಿದೆ. ಒಬ್ಬರು ಮಾತ್ರ ಇನ್ನೂ ಎರಡು ಸಲ ಬರೆಸುತ್ತಾರೆ, ಅಲ್ಲಿಗೆ ತಾಯಿಯ ಸಹಿಯೇ ಹೋಗುತ್ತಿದೆ.

ಹೋದ ತಿಂಗಳು ಫೋನ್ ಮಾಡಿದಾಗ ರಾತ್ರಿ ಹತ್ತಾಗಿರಲಿಲ್ಲ. "ಮಲಗ್ಯಾನ್ರಿ ಮೇಡಂ, ಎಬ್ಬಸ್ಲೇನ್ರಿ?" ಎಂದರು ತಾಯಿ. ಬೇಡ ಎಂದೆ.