ಹತ್ತರ ಪಟ್ಟಿ ಮತ್ತು ಹದಿನೇಳನೆಯ ಹಾಡು

ಧಾರವಾಡದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: "ನಾವು 24 ಮಂದಿ ಸ್ನೇಹಿತರು. ಕೆಲವರು ಧಾರವಾಡ, ಮೈಸೂರು, ಉಡುಪಿಯಲ್ಲಿದ್ದೇವೆ, ಇಬ್ಬರು ದುಬೈಯಲ್ಲಿದ್ದಾರೆ, ಒಬ್ಬರು ಟೊರಾಂಟೊದಲ್ಲಿದ್ದಾರೆ. ಮೂರು ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಹೊಸ ಕನ್ನಡ ಹಾಡುಗಳನ್ನು ಹಂಚಿಕೊಂಡು ಕೇಳುತ್ತೇವೆ. ತಿಂಗಳ ಕೊನೆಗೆ ಪ್ರತಿಯೊಬ್ಬರೂ ತಮ್ಮ ಮೆಚ್ಚಿನ ಹತ್ತನ್ನು ಕ್ರಮವಾಗಿ ಬರೆಯುತ್ತಾರೆ. ಮೊದಲನೆಯದಕ್ಕೆ ಹತ್ತು ಅಂಕ, ಹತ್ತನೆಯದಕ್ಕೆ ಒಂದು. ಕೂಡಿಸಿದಾಗ ತಿಂಗಳ ಹಾಡು ಸಿಗುತ್ತದೆ. ಆದರೆ ಕಳೆದ ಸಲ ಯಾರೊಬ್ಬರೂ ಮೊದಲ ಸ್ಥಾನ ಕೊಡದ ಹಾಡು ಗೆದ್ದಿತು. ಸದಸ್ಯರೊಬ್ಬರು ತಮ್ಮ ನೆಚ್ಚಿನ ನಟನ ಚಿತ್ರದ ಹಾಡನ್ನು ಗೆಲ್ಲಿಸಲು ಹದಿನೈದು ಮಂದಿಯನ್ನು ಗುಂಪಿಗೆ ಸೇರಿಸಲು ಹೊರಟಿದ್ದಾರೆ. ನಿವೃತ್ತ ಸಂಗೀತ ಶಿಕ್ಷಕರೊಬ್ಬರು 'ಹಾಡಿಗೆ ಅಂಕ ಹಾಕುವುದು ಅಪಚಾರ' ಎಂದು ಗುಂಪನ್ನೇ ಬಿಟ್ಟರು. ನಾವು ಪಟ್ಟಿ ಮಾಡುವುದನ್ನು ನಿಲ್ಲಿಸಬೇಕೆ?"

ಪ್ರಿಯ ಓದುಗರೆ,

ನಿಲ್ಲಿಸಬೇಡಿ. ಯಾಕೆ ಎಂದು ಹೇಳುವುದಕ್ಕೆ ಮೊದಲು ನನ್ನ ಊರಿನ ಒಂದು ಕಿರಾಣಿ ಅಂಗಡಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ.

ಸಾಗರದ ಹತ್ತಿರದ ಹಳ್ಳಿ, 1975ರ ಸುಮಾರು. ನನಗೆ ಹನ್ನೆರಡು ವರ್ಷ. ಬುಧವಾರ ರಾತ್ರಿ ಎಂಟು ಗಂಟೆಗೆ ಅಂಗಡಿಯ ರೇಡಿಯೊದಲ್ಲಿ ಸಿಲೋನ್, ಅಂದರೆ ಶ್ರೀಲಂಕಾದ ರೇಡಿಯೊ ಕೇಂದ್ರ, ಹಿಡಿಯುತ್ತಿದ್ದರು. ಆ ಹೊತ್ತಿಗೆ ಕೇಂದ್ರದ ಹೆಸರು ಬದಲಾಗಿತ್ತು, ನಮಗೆ ಮಾತ್ರ ಅದು ಸಿಲೋನೇ. ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಶುರುವಾದರೆ ಅಣ್ಣ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆ ತೆರೆಯುತ್ತಿದ್ದ. ನಿರೂಪಕ ಅಮೀನ್ ಸಯಾನಿಯವರು ಒಂದೊಂದು ಸ್ಥಾನವನ್ನೂ 'ಪಾಯ್‌ದಾನ್' ಎನ್ನುತ್ತಿದ್ದರು. ಮೆಟ್ಟಿಲು ಎಂದರ್ಥ. ನಮ್ಮ ಹಿಂದಿ ಅಷ್ಟಕ್ಕಷ್ಟೆ, ಆದರೂ ಆ ಪದ ಮಾತ್ರ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಮೆಟ್ಟಿಲಿನಿಂದ ಹಾಡುಗಳು ಒಂದೊಂದಾಗಿ ಮೇಲೇರುತ್ತಿದ್ದವು. ಶಾರ್ಟ್ ವೇವ್ ದನಿ ಅಲೆಯ ಹಾಗೆ ಉಬ್ಬಿ ಇಳಿಯುತ್ತಿತ್ತು. ಮಳೆಗಾಲದಲ್ಲಿ ಸರಿಯಾಗಿ ಎರಡನೆಯ ಮೆಟ್ಟಿಲಿಗೆ ಬಂದಾಗ ಗುಡುಗು ಹೊಡೆದು ಬರೀ ಗರಗರ ಸದ್ದು ಉಳಿಯುತ್ತಿತ್ತು. ಮರುದಿನ ಶಾಲೆಗೆ ಹೋದ ತಕ್ಷಣದ ಕೆಲಸ, ನಿನ್ನೆ ತುದಿಯಲ್ಲಿ ಯಾವ ಹಾಡಿತ್ತು ಎಂದು ಕೇಳುವುದು. ಒಬ್ಬೊಬ್ಬ ಒಂದೊಂದು ಹೇಳುತ್ತಿದ್ದ. ಹೇಳಿದವನು ಆ ಹಾಡಿನ ಎರಡು ಸಾಲು ಹಾಡಿಯೂ ತೋರಿಸಬೇಕಿತ್ತು. ನಾನು ಎಷ್ಟೋ ಹಾಡುಗಳನ್ನು ಮೊದಲು ಕೇಳಿದ್ದು ಪ್ರಾರ್ಥನೆಯ ಗಂಟೆಗೆ ಮುಂಚೆ ಗೆಳೆಯರ ಒಡಕು ಗಂಟಲಿನಲ್ಲಿ. ಪಟ್ಟಿಯ ಆಸೆ ಇಲ್ಲದಿದ್ದರೆ ನಾವು ಒಬ್ಬರಿಗೊಬ್ಬರು ಹಾಡಿ ತೋರಿಸುತ್ತಲೇ ಇರಲಿಲ್ಲ.

ಆ ಕಾರ್ಯಕ್ರಮ ಹುಟ್ಟಿದ ಬಗೆಯನ್ನೂ ನೀವು ತಿಳಿದಿರಬೇಕು. ಆಗ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕಂಡರಾಗದು. ಆಕಾಶವಾಣಿಯಲ್ಲಿ ಅದಕ್ಕೆ ಜಾಗವೇ ಇಲ್ಲವಾಯಿತು. ಕೇಳುಗರು ರೇಡಿಯೊದ ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. 1952ರ ಡಿಸೆಂಬರ್‌ನಲ್ಲಿ ಗೀತಮಾಲಾ ಆರಂಭವಾದಾಗ ಸಯಾನಿಯವರಿಗೆ ಇನ್ನೂ ಇಪ್ಪತ್ತು ತುಂಬುತ್ತಿತ್ತು. ಮುಂಬೈಯಲ್ಲಿ ಧ್ವನಿಮುದ್ರಿಸಿದ ಟೇಪು ಕೊಲಂಬೊಗೆ ಹೋಗಿ ಅಲ್ಲಿಂದ ಪ್ರಸಾರವಾಗುತ್ತಿತ್ತು. ಮೊದಲಿಗೆ ಅದು ಶ್ರೇಯಾಂಕದ ಕಾರ್ಯಕ್ರಮವಾಗಿರಲಿಲ್ಲ. ಏಳು ಹಾಡುಗಳನ್ನು ಹಿಂದುಮುಂದಾಗಿ ನುಡಿಸಿ, ಅವುಗಳನ್ನು ಬಿಡುಗಡೆಯ ಕಾಲಕ್ರಮದಲ್ಲಿ ಜೋಡಿಸಿ ಬರೆಯಿರಿ ಎಂದು ಕೇಳುತ್ತಿದ್ದರು. ಮೊದಲ ಸಲವೇ ಸುಮಾರು 9,000 ಕಾಗದಗಳು ಬಂದವು ಎಂದು ಸಯಾನಿಯವರು ಹೇಳಿಕೊಂಡಿದ್ದರು. ಕಾಗದದ ರಾಶಿ ಬೆಳೆದು ಬೆಳೆದು ನಿಭಾಯಿಸಲಾಗದೆ ಹೋದಾಗ ಸ್ಪರ್ಧೆಯನ್ನು ಕೈಬಿಟ್ಟು, ಜನಪ್ರಿಯತೆಯ ಮೆಟ್ಟಿಲು ಕಟ್ಟಿದರು. ಆ ಮೆಟ್ಟಿಲಿಗೆ ಎರಡು ಆಧಾರಗಳಿದ್ದವು. ಒಂದು ಅಂಗಡಿಗಳಲ್ಲಿ ಮಾರಾಟವಾದ ರೆಕಾರ್ಡುಗಳ ಲೆಕ್ಕ, ಇನ್ನೊಂದು ಊರೂರಿನ ಶ್ರೋತೃ ಸಂಘಗಳ ಮತ. ಎರಡನೆಯದು ನಿಮ್ಮ ವಾಟ್ಸ್‌ಆ್ಯಪ್ ಗುಂಪಿನ ಅಜ್ಜ. ಹತ್ತಾರು ಮಂದಿ ಒಂದು ರೇಡಿಯೊ ಸುತ್ತ ಕೂತು, ಚರ್ಚಿಸಿ, ಒಪ್ಪಿ, ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದರು. ಈಗಿನ ಜಾರ್ಖಂಡಿನಲ್ಲಿರುವ ಝುಮ್ರಿ ತಿಲೈಯಾ ಎಂಬ ಅಭ್ರಕದ ಗಣಿಗಳ ಪಟ್ಟಣ ದೇಶಕ್ಕೆಲ್ಲ ಗೊತ್ತಾದದ್ದು ಹಾಡು ಕೋರಿ ಅಲ್ಲಿಂದ ಬರುತ್ತಿದ್ದ ಕಾರ್ಡುಗಳಿಂದಲೇ. 2024ರ ಫೆಬ್ರುವರಿಯಲ್ಲಿ ಸಯಾನಿಯವರು ತೀರಿಕೊಂಡ ಸುದ್ದಿ ಬಂದಾಗ ನಾನು ಆ ಲೆಕ್ಕದ ಪುಸ್ತಕವನ್ನು ಅಟ್ಟದಲ್ಲಿ ಹುಡುಕಿದೆ. ಸಿಗಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಯಾರೂ ಮೊದಲ ಸ್ಥಾನ ಕೊಡದ ಹಾಡು ಗೆದ್ದದ್ದು ಹೇಗೆ? ನೀವು ಕಳಿಸಿದ ಹಾಳೆಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಗೆದ್ದ ಸಿನಿಮಾ ಯುಗಳಗೀತೆಯನ್ನು 20 ಮಂದಿ ಐದನೆಯ ಸ್ಥಾನದಲ್ಲಿಟ್ಟಿದ್ದಾರೆ. ತಲಾ ಆರು ಅಂಕ, ಒಟ್ಟು 120. ಏಕತಾರಿಯ ಆ ತತ್ವಪದವನ್ನು ಒಂಬತ್ತು ಮಂದಿ ಎಲ್ಲಕ್ಕಿಂತ ಮೇಲಿಟ್ಟಿದ್ದಾರೆ, ಉಳಿದವರ ಹತ್ತರಲ್ಲಿ ಅದು ಇಲ್ಲವೇ ಇಲ್ಲ. ಅದಕ್ಕೆ 90. ಕೂಡಿಸುವುದರಲ್ಲಿ ಯಾರೂ ತಪ್ಪಿಲ್ಲ. ನೀವು ಆರಿಸಿಕೊಂಡ ವಿಧಾನದ ಗುಣವೇ ಅದು. ಯಾರಿಗೂ ಬೇಡವಾಗದ ಹಾಡನ್ನು ಅದು ಎತ್ತಿ ಹಿಡಿಯುತ್ತದೆ. ಕೆಲವರು ಜೀವ ಇಟ್ಟುಕೊಂಡ ಹಾಡನ್ನು ಕೆಳಗೆ ತಳ್ಳುತ್ತದೆ.

ಈ ವಿಧಾನಕ್ಕೆ ಎರಡೂವರೆ ಶತಮಾನದ ವಯಸ್ಸು. ಫ್ರಾನ್ಸಿನ ನೌಕಾಪಡೆಯ ಅಧಿಕಾರಿಯೂ ಗಣಿತಜ್ಞನೂ ಆಗಿದ್ದ ಬೋರ್ಡಾ ಇದನ್ನು 1770ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಅಕಾಡೆಮಿಗೆ ಸದಸ್ಯರನ್ನು ಆರಿಸಲು ಇದು ಚೆನ್ನಾಗಿ ಒದಗುತ್ತದೆ, ಏಕೆಂದರೆ ಅಲ್ಲಿ ಎಲ್ಲರೂ ಒಪ್ಪುವ ವ್ಯಕ್ತಿ ಬೇಕು. ಹಾಡಿನ ವಿಷಯದಲ್ಲಿ ಎಲ್ಲರೂ ಒಪ್ಪುವುದು ಅಷ್ಟು ದೊಡ್ಡ ಗುಣವೇ? ನನಗೆ ಹಾಗನಿಸುವುದಿಲ್ಲ. ಮೊದಲ ಕೇಳ್ವಿಗೆ ಹಿಡಿಸದೆ, ನಾಲ್ಕನೆಯ ಕೇಳ್ವಿಗೆ ಬಿಡದೆ ಹಿಡಿದುಕೊಳ್ಳುವ ಹಾಡುಗಳೇ ನನ್ನ ಬಳಿ ಹೆಚ್ಚು ವರ್ಷ ಉಳಿದಿವೆ.

ನ್ಯೂಯಾರ್ಕ್‌ನ 'ವಿಲೇಜ್ ವಾಯ್ಸ್' ವಾರಪತ್ರಿಕೆ 1971ರಲ್ಲಿ ಮೊದಲ ಸಲ, 1974ರಿಂದ ವರ್ಷವರ್ಷವೂ ವಿಮರ್ಶಕರ ಮತ ಎಣಿಸುತ್ತಿತ್ತು. ಅವರ ನಿಯಮ ಬೇರೆ. ಪ್ರತಿ ಮತದಾರನಿಗೆ 100 ಅಂಕ, ಅದನ್ನು ಹತ್ತು ಆಲ್ಬಂಗಳಿಗೆ ಹಂಚಬೇಕು, ಒಂದಕ್ಕೆ ಐದಕ್ಕಿಂತ ಕಡಿಮೆ ಇಲ್ಲ, 30ಕ್ಕಿಂತ ಹೆಚ್ಚಿಲ್ಲ. ನಿಮ್ಮ ಹಾಳೆಗೆ ಇದನ್ನು ಅನ್ವಯಿಸಿ ನೋಡಿ. ಯುಗಳಗೀತೆಗೆ 20 ಮಂದಿ ತಲಾ ಎಂಟು ಕೊಟ್ಟರು ಎನ್ನೋಣ, 160 ಆಯಿತು. ತತ್ವಪದಕ್ಕೆ ಒಂಬತ್ತು ಮಂದಿ 30ರಂತೆ ಸುರಿದರೆ 270. ಹಾಡುಗಳು ಅವೇ, ಕಿವಿಗಳೂ ಅವೇ, ಗೆದ್ದದ್ದು ಮಾತ್ರ ಬೇರೆ. ನೀವು ಈ ವಿಧಾನಕ್ಕೆ ಬದಲಾಗಬೇಕು ಎಂಬುದು ನನ್ನ ಸಲಹೆ. ಎಷ್ಟು ಇಷ್ಟ ಎಂದು ಹೇಳಲು ಅದರಲ್ಲಿ ಜಾಗವಿದೆ. 30 ಕೊಡುವವನು ಉಳಿದ ಹಾಡುಗಳಿಂದ ಅಷ್ಟನ್ನು ಕಿತ್ತು ಕೊಡಬೇಕು.

ಆದರೆ ಅದೇ 30 ಅಂಕ ನಿಮ್ಮ ಎರಡನೆಯ ತೊಂದರೆಯನ್ನು ಹೆಚ್ಚಿಸುತ್ತದೆ. ಹದಿನೈದು ಮಂದಿ ಒಟ್ಟಾಗಿ ಬಂದು 30ರಂತೆ ಹಾಕಿದರೆ 450. ಉಳಿದವರು ಮನೆಗೆ ಹೋಗಬೇಕಷ್ಟೆ. ಹಳೆಯ ವಿಧಾನದಲ್ಲೂ ಅವರಿಗೆ 150 ಸಿಗುತ್ತಿತ್ತು, ಗೆಲ್ಲಲು ಅದೂ ಸಾಕಿತ್ತು. ತನ್ನ ವಿಧಾನ ಪ್ರಾಮಾಣಿಕರಿಗೆ ಮಾತ್ರ ಎಂದು ಬೋರ್ಡಾ ಹೇಳಿದನೆಂಬ ಪ್ರತೀತಿ ಇದೆ.

ಹಿಂಡು ಕಟ್ಟಿ ಮತ ಹಾಕುವುದು ನಿಮ್ಮ ಗುಂಪಿಗೆ ಮಾತ್ರ ಬಂದ ಕಾಯಿಲೆಯಲ್ಲ. ಆಸ್ಟ್ರೇಲಿಯಾದ ಟ್ರಿಪಲ್ ಜೆ ರೇಡಿಯೊ ಪ್ರತಿ ಜನವರಿಯಲ್ಲಿ ಕೇಳುಗರ ಮತದಿಂದ ಹಿಂದಿನ ವರ್ಷದ ನೂರು ಹಾಡುಗಳನ್ನು ಆರಿಸುತ್ತದೆ. 2015ರ ಜನವರಿಯಲ್ಲಿ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ ಹಾಡೊಂದನ್ನು ಪಟ್ಟಿಗೆ ನುಗ್ಗಿಸಲು ಅಂತರ್ಜಾಲದಲ್ಲಿ ಚಳವಳಿಯೇ ನಡೆಯಿತು, ಕೇಂದ್ರ ಆ ಹಾಡನ್ನು ಅನರ್ಹಗೊಳಿಸಿತು. ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದೆ. 2019ರ ಜುಲೈನಲ್ಲಿ ರ‍್ಯಾಪ್ ಗೀತೆಯೊಂದು ಯೂಟ್ಯೂಬ್‌ನಲ್ಲಿ ಒಂದೇ ದಿನ ಏಳೂವರೆ ಕೋಟಿ ವೀಕ್ಷಣೆಯ ವಿಶ್ವದಾಖಲೆ ಮಾಡಿತೆಂದು ಘೋಷಿಸಿಕೊಂಡಿತು. ಅದರಲ್ಲಿ ಜಾಹೀರಾತಿನ ಹಣದಿಂದ ಬಂದ ವೀಕ್ಷಣೆಗಳೂ ಇದ್ದವು. ಯೂಟ್ಯೂಬ್ ಆ ದಾಖಲೆಯನ್ನು ಸಾರಲಿಲ್ಲ. ಸೆಪ್ಟೆಂಬರ್‌ನಲ್ಲಿ ನಿಯಮವನ್ನೇ ಬದಲಿಸಿ, ಹಣ ಕೊಟ್ಟು ತೋರಿಸಿದ ವೀಕ್ಷಣೆಗಳನ್ನು ಒಂದು ದಿನದ ದಾಖಲೆಯ ಲೆಕ್ಕದಿಂದ ಹೊರಗಿಟ್ಟಿತು. ಕೋಟಿಗಳ ಲೆಕ್ಕವನ್ನೇ ನಂಬಲಾಗದ ಕಾಲದಲ್ಲಿ, ಪೂರ್ತಿ ಕೇಳಿ ಅಂಕ ಹಾಕುವ 24 ಮಂದಿಯ ಬೆಲೆ ದೊಡ್ಡದು. ಅದನ್ನು ಕಾಪಾಡಿಕೊಳ್ಳಿ. ಹೊಸಬರು ಧಾರಾಳವಾಗಿ ಬರಲಿ. ಮೊದಲ ಎರಡು ತಿಂಗಳು ಅವರು ಹಾಡು ಹಂಚಲಿ, ಬೇರೆಯವರು ಹಂಚಿದ್ದನ್ನು ಕೇಳಲಿ, ಮೂರನೆಯ ತಿಂಗಳಿಂದ ಮತ ಹಾಕಲಿ. ನಟನ ಅಭಿಮಾನಿ ಸ್ನೇಹಿತರ ಮೇಲೆ ಸಿಟ್ಟಾಗಬೇಡಿ. ತಾನು ಮೆಚ್ಚಿದ್ದನ್ನು ಹತ್ತು ಮಂದಿಗೆ ಕೇಳಿಸಬೇಕೆಂಬ ಹಂಬಲದಿಂದಲೇ ನಿಮ್ಮ ಗುಂಪೂ ಹುಟ್ಟಿದ್ದು.

ಹೊಸ ಹಾಡುಗಳನ್ನು ಮಾತ್ರ ತೆಗೆದುಕೊಳ್ಳುತ್ತೀರಿ ಎಂದು ಬರೆದಿದ್ದೀರಿ. ಆ ನಿಯಮವನ್ನು ಸಡಿಲಿಸಲೇಬೇಡಿ. ಬಿಬಿಸಿಯ ರೇಡಿಯೊ ನಿರೂಪಕ ಜಾನ್ ಪೀಲ್ 1976ರಲ್ಲಿ ಕೇಳುಗರಿಂದ ಮೂರು ಮೂರು ಹೆಸರು ತರಿಸಿ ವರ್ಷದ ಕೊನೆಗೆ ಐವತ್ತರ ಪಟ್ಟಿ ಮಾಡತೊಡಗಿದರು. ಆಗ ಯಾವ ಕಾಲದ ಹಾಡನ್ನಾದರೂ ಬರೆಯಬಹುದಿತ್ತು. ಬರಬರುತ್ತಾ ಅವೇ ಹಳೆಯ ಹೆಸರುಗಳು ಮರಳಿ ಬಂದವು. 1982ರಿಂದ ಆ ವರ್ಷದವು ಮಾತ್ರ ಎಂದು ಬದಲಿಸಿದರು. ಟ್ರಿಪಲ್ ಜೆ ಕೂಡ 1989ರಲ್ಲಿ ಸಾರ್ವಕಾಲಿಕ ಪಟ್ಟಿಯಿಂದಲೇ ಆರಂಭಿಸಿತು. ಮೊದಲೆರಡು ವರ್ಷ ಒಂದೇ ಹಾಡು ಗೆದ್ದಿತು, 1993ರಿಂದ ಅವರೂ ಹೊಸದಕ್ಕೆ ತಿರುಗಿದರು. ನಮ್ಮಲ್ಲಿ ಈ ಸೆಳೆತ ಇನ್ನೂ ಬಲವಾಗಿದೆ. ಕನ್ನಡದ ಅತ್ಯುತ್ತಮ ಹತ್ತು ಹಾಡು ಎಂದರೆ ನಾನೂ ಕಣ್ಣು ಮುಚ್ಚಿ ಎಪ್ಪತ್ತರ ದಶಕಕ್ಕೆ ಓಡುತ್ತೇನೆ. ಈಗ ಹಾಡುತ್ತಿರುವ ಹುಡುಗಿಯೊಬ್ಬಳಿಗೆ ಅದರಿಂದ ಏನು ಸಿಕ್ಕಿತು?

ಒಂದು ಮಾತನ್ನು ಒತ್ತಿ ಹೇಳಬೇಕು. ಮೊತ್ತದ ಜೊತೆಗೆ 24 ಪಟ್ಟಿಗಳನ್ನೂ ಬಿಡಿಬಿಡಿಯಾಗಿ ಎಲ್ಲರಿಗೂ ಕಳಿಸಿ. ಮೊತ್ತದಲ್ಲಿ ಮನುಷ್ಯರು ಕಾಣುವುದಿಲ್ಲ. ಟೊರಾಂಟೊದ ಸದಸ್ಯೆ ಮೂರು ತಿಂಗಳಿಂದ ಡೊಳ್ಳು ಇರುವ ಹಾಡುಗಳಿಗೇ ಮೇಲಿನ ಸ್ಥಾನ ಕೊಡುತ್ತಿದ್ದಾರೆ ಎಂಬುದು ನನಗೆ ಗೊತ್ತಾದದ್ದು ನೀವು ಕಳಿಸಿದ ಬಿಡಿ ಹಾಳೆಗಳಿಂದ. ಹಿಮದ ಊರಿನಲ್ಲಿ ಡೊಳ್ಳನ್ನು ಹುಡುಕುತ್ತಿರುವವರು ಅವರು. ಅವರ ಜೊತೆ ಮಾತಾಡಲು ಉಡುಪಿಯವರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಇನ್ನು, ವಾರಕ್ಕೊಮ್ಮೆ ಎಲ್ಲರೂ ಒಂದೇ ಗಳಿಗೆಯಲ್ಲಿ ಒಂದೇ ಆಲ್ಬಂ ಕೇಳಿ ನೋಡಿ. 2020ರ ಮಾರ್ಚ್‌ನಲ್ಲಿ ಜನ ಮನೆಯೊಳಗೆ ಸಿಕ್ಕಿಕೊಂಡಿದ್ದಾಗ ಇಂಗ್ಲೆಂಡಿನ ಗಾಯಕ ಟಿಮ್ ಬರ್ಜೆಸ್ ಟ್ವಿಟರ್‌ನಲ್ಲಿ ಇದನ್ನು ಶುರು ಮಾಡಿದರು. ಗೊತ್ತುಪಡಿಸಿದ ಹೊತ್ತಿಗೆ ಎಲ್ಲರೂ ಆಲ್ಬಂ ಹಚ್ಚುವುದು, ಅದನ್ನು ಮಾಡಿದ ಕಲಾವಿದರೇ ಹಾಡು ಹಾಡಿಗೂ ಬರೆಯುತ್ತಾ ಹೋಗುವುದು. ನಿಮಗೆ ದುಬೈಯ ಸಂಜೆ, ಧಾರವಾಡದ ರಾತ್ರಿ, ಟೊರಾಂಟೊದ ಬೆಳಗು ಹೊಂದುವ ಗಳಿಗೆ ಭಾನುವಾರ ಸಿಗಬಹುದು. 2015ರ ಜುಲೈನಿಂದ ಜಗತ್ತಿನ ಬಹುಪಾಲು ಆಲ್ಬಂಗಳು ಶುಕ್ರವಾರವೇ ಬಿಡುಗಡೆಯಾಗುತ್ತಿರುವುದರಿಂದ ಎರಡು ದಿನ ತಡವಾದರೂ ಅದು ಬಿಸಿಯಾಗಿಯೇ ಇರುತ್ತದೆ.

ಗುಂಪು ಬಿಟ್ಟ ಶಿಕ್ಷಕರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಜೀವನವಿಡೀ ಶ್ರುತಿ ಹಿಡಿದು ಪಾಠ ಹೇಳಿದವರಿಗೆ ಹಾಡಿನ ಪಕ್ಕದಲ್ಲಿ ಏಳು, ಆರು ಎಂದು ಬರೆದದ್ದನ್ನು ಕಂಡು ನೋವಾಗಿದ್ದರೆ ಆ ನೋವು ಸಂಗೀತದ ಮೇಲಿನ ಪ್ರೀತಿಯದ್ದೇ. ಅಂಕ ಹಾಡಿನ ಅಳತೆಯಲ್ಲ, ಕೇಳಿದವನು ಆ ತಿಂಗಳು ಎಲ್ಲಿದ್ದ ಎಂಬುದರ ಗುರುತು. ಅಂಕದ ಪಕ್ಕದಲ್ಲಿ ಒಂದು ಸಾಲು ಬರೆಯುವುದನ್ನು ನೀವು ಕಡ್ಡಾಯ ಮಾಡಿದ್ದರೆ ಅವರು ಉಳಿಯುತ್ತಿದ್ದರೇನೋ. 'ಚೆನ್ನಾಗಿದೆ' ಎಂಬ ಸಾಲು ನಡೆಯದು. ಎಲ್ಲಿ, ಯಾವ ಗಳಿಗೆಯಲ್ಲಿ ಎಂದು ಬರೆಯಬೇಕು.

ನಿನ್ನೆ ರಾತ್ರಿ ನಿಮ್ಮ ಪಟ್ಟಿಯ ಹದಿನೇಳನೆಯ ಹಾಡನ್ನು ಕೇಳಿದೆ. ಒಬ್ಬರೇ ಅದನ್ನು ಹೆಸರಿಸಿದ್ದಾರೆ. ಹೊಸ ಹುಡುಗನ ಭಾವಗೀತೆ. ಮನೆಯಲ್ಲೇ ಧ್ವನಿಮುದ್ರಿಸಿರಬೇಕು, ಪಲ್ಲವಿಯ ಹಿಂದೆ ಎಲ್ಲೋ ಫ್ಯಾನ್ ತಿರುಗುವ ಸದ್ದಿದೆ. ಹಾರ್ಮೋನಿಯಂನ ತಿದಿ ಒತ್ತುವಾಗ ಮರ ಕಿರುಗುಟ್ಟುವುದೂ ಕೇಳುತ್ತದೆ. ಎರಡನೆಯ ಚರಣದಲ್ಲಿ 'ಮಳೆ' ಎಂಬ ಪದ ಬಂದಾಗ ಆತ ಆ 'ಳೆ'ಯ ಮೇಲೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅರ್ಧ ಸ್ವರ ಕೆಳಗೆ ಜಾರಿ, ಉಸಿರು ಎಳೆದುಕೊಂಡು, ತಬಲಾ ಒಂದು ಮಾತ್ರೆ ಕಾದ ಮೇಲೆ ಮುಂದಿನ ಪದಕ್ಕೆ ಹೋದ. ನಾನು ಅಷ್ಟನ್ನೇ ನಾಲ್ಕು ಸಲ ಹಿಂದಕ್ಕೆ ಎಳೆದು ಕೇಳಿದೆ.

ಆ ಹಾಡನ್ನು ಶಿಕ್ಷಕರಿಗೆ ಕಳಿಸಿ. ಅಂಕ ಕೇಳಬೇಡಿ. ಎರಡನೆಯ ಚರಣದಲ್ಲಿ ಆ ಹುಡುಗ ಜಾರಿದ್ದು ಬೇಕೆಂದೇ ಜಾರಿದ್ದೋ, ಶ್ರುತಿ ತಪ್ಪಿದ್ದೋ ಎಂದು ಕೇಳಿ. ಅವರು ಏನು ಹೇಳಿದರೆಂದು ನನಗೂ ಬರೆಯಿರಿ.

ಸಂಪಾದಕ