ಓದುಗರ ಪ್ರಶ್ನೆ, ನಮ್ಮ ಉತ್ತರ: ತರಬೇತಿ ಮಗುವಿಗೋ, ಮನೆಗೋ?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ, ಮೂರನೆಯ ತರಗತಿ. ಕಳೆದ ವರ್ಷ ಮಕ್ಕಳ ಮನೋವೈದ್ಯರು ಎಡಿಎಚ್‌ಡಿ (ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ ತೊಂದರೆ) ಇದೆಯೆಂದು ಹೇಳಿದರು. ಪತಿ ಕುವೈತಿನಲ್ಲಿದ್ದಾರೆ, ಮನೆಯಲ್ಲಿ ನಾನು, ಅತ್ತೆ, ಮಾವ. ಯಕ್ಷಗಾನವಿದ್ದರೆ ರಾತ್ರಿಯಿಡೀ ಕೂರುವವನು ಹೋಂವರ್ಕಿಗೆ ಹತ್ತು ನಿಮಿಷ ಕೂರುವುದಿಲ್ಲ, ಹಾಗಾಗಿ ಇದು ಕಾಯಿಲೆಯಲ್ಲ, ನಾನು ಮುದ್ದು ಮಾಡಿ ಕೆಡಿಸಿದ್ದು ಎಂಬುದು ಅತ್ತೆಯವರ ವಾದ. ಈಗ ಒಬ್ಬರು ‘ಪೇರೆಂಟ್ ಕೋಚಿಂಗ್’ ಎಂದು ಆರು ತಿಂಗಳ ಶುಲ್ಕವನ್ನು ಮುಂಗಡವಾಗಿ ಕೇಳುತ್ತಿದ್ದಾರೆ. ತೊಂದರೆ ಮಗನದ್ದಾಗಿರುವಾಗ ತರಬೇತಿ ನನಗೇಕೆ? ಇದನ್ನು ನಂಬಬಹುದೆ?
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ಅತ್ತೆಯವರು ಕಂಡದ್ದು ಸರಿ, ಅದರಿಂದ ಅವರು ತಲುಪಿದ ತೀರ್ಮಾನ ಸರಿಯಲ್ಲ. ಎಡಿಎಚ್‌ಡಿ ಇರುವ ಮಗುವಿಗೆ ಗಮನವೇ ಇಲ್ಲವೆಂದಲ್ಲ, ಬೇಕಾದ ಹೊತ್ತಿಗೆ ಬೇಕಾದ ಕಡೆಗೆ ಅದನ್ನು ತಿರುಗಿಸಿ ಹಿಡಿದು ನಿಲ್ಲಿಸುವುದು ಅದಕ್ಕೆ ಕಷ್ಟ. ಚೆಂಡೆಯ ಪೆಟ್ಟು, ವೇಷದ ಬಣ್ಣ, ಕ್ಷಣಕ್ಷಣಕ್ಕೆ ಬದಲಾಗುವ ರಂಗಸ್ಥಳ ಇವೆಲ್ಲ ಗಮನವನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ. ಮಗ್ಗಿ ಪುಸ್ತಕದ ಮುಂದೆ ಹುಡುಗ ತನ್ನನ್ನು ತಾನೇ ತಳ್ಳಿಕೊಳ್ಳಬೇಕಾಗುತ್ತದೆ. ಮುದ್ದಿನಿಂದ ಎಡಿಎಚ್‌ಡಿ ಬರುವುದಿಲ್ಲ. ಅದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದು. (ಇದನ್ನು ಅತ್ತೆಗೆ ಓದಿ ಹೇಳುವುದಾದರೆ, ‘ಯಾರ ಕಡೆಯಿಂದ ಬಂತು’ ಎಂಬ ಹೊಸ ಜಗಳ ಶುರುವಾಗದಂತೆ ನೋಡಿಕೊಳ್ಳಿ.)

ತರಬೇತಿ ನಿಮಗೇಕೆಂದರೆ, ಮಗ ತಜ್ಞರ ಮುಂದೆ ಕೂರುವುದು ವಾರಕ್ಕೆ ಹೆಚ್ಚೆಂದರೆ ಒಂದೆರಡು ಗಂಟೆ, ಉಳಿದ ಹೊತ್ತೆಲ್ಲ ಮನೆ ಮತ್ತು ಶಾಲೆಯಲ್ಲೇ ಇರುತ್ತಾನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಆರು ವರ್ಷದೊಳಗಿನ ಮಕ್ಕಳಿಗೆ ಔಷಧಿಗಿಂತ ಮೊದಲು ಹೆತ್ತವರ ತರಬೇತಿಯನ್ನೇ ಹೇಳುತ್ತದೆ. ನಿಮ್ಮ ಮಗನ ವಯಸ್ಸಿನವರಿಗೆ ಔಷಧಿಯ ಜೊತೆಜೊತೆಗೆ ಅದು ಇರಬೇಕೆನ್ನುತ್ತದೆ. ಆದ್ದರಿಂದ ಇದನ್ನು ನಿಮ್ಮ ಮೇಲಿನ ಆರೋಪವೆಂದು ತಿಳಿಯಬೇಡಿ.

ಒಳ್ಳೆಯ ತರಬೇತುದಾರರು ಎಲ್ಲವನ್ನೂ ಒಮ್ಮೆಲೇ ಕೈಗೆತ್ತಿಕೊಳ್ಳುವುದಿಲ್ಲ. ಬೆಳಿಗ್ಗೆ ಏಳುವುದರಿಂದ ಶಾಲೆಯ ವ್ಯಾನು ಬರುವವರೆಗಿನ ಹೊತ್ತನ್ನಷ್ಟೇ ಆರಿಸಿಕೊಂಡಾರು. ‘ಹಲ್ಲುಜ್ಜು, ಸ್ನಾನ ಮಾಡು, ಬ್ಯಾಗು ತುಂಬಿಸು, ಕೊಡೆ ಮರೆಯಬೇಡ’ ಎಂದು ಅಡುಗೆಮನೆಯಿಂದಲೇ ಕೂಗಿ ಹೇಳಿದರೆ ಅವನ ತಲೆಯಲ್ಲಿ ಉಳಿಯುವುದು ಮೊದಲನೆಯದು ಮಾತ್ರ, ಕೆಲವೊಮ್ಮೆ ಅದೂ ಇಲ್ಲ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಒಂದೇ ಮಾತು ಹೇಳಿ. ಅದು ಮುಗಿದ ಮೇಲೆ ಇನ್ನೊಂದು. ಕೆಲಸಗಳ ನಾಲ್ಕು ಚಿತ್ರಗಳನ್ನು ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿ, ಬ್ಯಾಗನ್ನು ರಾತ್ರಿಯೇ ತುಂಬಿಸಿಡಿ. ಹೊಗಳುವಾಗ ಬರೀ ‘ಗುಡ್ ಬಾಯ್’ ಎನ್ನದೆ, ‘ಕರೆದ ತಕ್ಷಣ ಬಂದೆಯಲ್ಲ, ಸಂತೋಷವಾಯಿತು’ ಎಂದು ಏನು ಮಾಡಿದ ಎಂಬುದನ್ನೇ ಆ ಕ್ಷಣದಲ್ಲೇ ಹೇಳಿ.

ಒಂದು ಎಚ್ಚರಿಕೆಯನ್ನು ಬಹಳ ಮಂದಿ ಹೇಳುವುದೇ ಇಲ್ಲ. ಅಳು ನಿಲ್ಲಿಸಲು ಇಷ್ಟು ದಿನ ಮೊಬೈಲ್ ಕೊಡುತ್ತಿದ್ದವರು ಈಗ ಕೊಡುವುದನ್ನು ಬಿಟ್ಟರೆ, ಅಳು ಇಳಿಯುವ ಮೊದಲು ಕೆಲವು ದಿನ ಏರುತ್ತದೆ. ಆ ದಿನಗಳಲ್ಲಿ ಸೋತು ಮೊಬೈಲ್ ಕೊಟ್ಟರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂದು ನಾವೇ ಕಲಿಸಿದಂತಾಗುತ್ತದೆ. ತುಂಬಿದ ಮನೆಯಲ್ಲಿ ಎಲ್ಲ ಕೆಡುವುದು ಇಲ್ಲಿಯೇ: ಅಮ್ಮ ಇಲ್ಲವೆಂದದ್ದನ್ನು ಅಜ್ಜ ಜಗಲಿಯಲ್ಲಿ ಗುಟ್ಟಾಗಿ ಕೈಗಿಡುತ್ತಾರೆ. ಆದುದರಿಂದ ಅತ್ತೆ ಮಾವಂದಿರೂ ಒಂದೆರಡು ಬಾರಿ ಜೊತೆಗೆ ಕೂರಲಿ, ಪತಿಯವರು ವಿಡಿಯೊ ಕರೆಯಲ್ಲಿ ಸೇರಲಿ. ‘ತಾಯಿ ಒಬ್ಬರು ಬಂದರೆ ಸಾಕು’ ಎನ್ನುವವರಿಗೆ ನಮ್ಮ ಮನೆಗಳ ಪರಿಚಯ ಸಾಲದು ಎಂದೇ ನನ್ನ ಅಭಿಪ್ರಾಯ.

ಇನ್ನು ಶುಲ್ಕ. ‘ಕೋಚ್’ ಎಂದು ಫಲಕ ಹಾಕಿಕೊಳ್ಳಲು ನಮ್ಮಲ್ಲಿ ಯಾವ ನೋಂದಣಿಯೂ ಬೇಕಿಲ್ಲ. ಆದರೆ ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟರು, ವಾಕ್ ಚಿಕಿತ್ಸಕರು (ಸ್ಪೀಚ್ ಥೆರಪಿಸ್ಟರು) 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಕೋಚ್ ಆದವರಿಗೆ ಇವುಗಳಲ್ಲಿ ಯಾವುದಾದರೂ ಅರ್ಹತೆ ಇದೆಯೇ ಎಂದು ಕೇಳಿ, ನೋಂದಣಿ ಸಂಖ್ಯೆಯನ್ನೂ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರಾದರೆ ಅಲ್ಲಿಗೇ ಬಿಡಿ. ಆರು ತಿಂಗಳ ಹಣವನ್ನು ಮುಂಗಡ ಕೊಡಬೇಡಿ. ಎರಡು ತಿಂಗಳಲ್ಲಿ ಯಾವ ನಡವಳಿಕೆ ಎಷ್ಟು ಬದಲಾದರೆ ಪ್ರಯೋಜನವಾಯಿತೆನ್ನಬಹುದು ಎಂಬುದನ್ನು ಬರೆಸಿಕೊಳ್ಳಿ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಎನ್ನುವವರ, ಪೂರ್ತಿ ಗುಣಪಡಿಸುತ್ತೇವೆ ಎನ್ನುವವರ ಬಳಿ ಮರಳಿ ಹೋಗಬೇಡಿ. ಇದಕ್ಕೆಲ್ಲ ಮೊದಲು, ಹೆತ್ತವರಿಗೆ ಇಂಥ ತರಬೇತಿ ನಿಮ್ಮ ಮನೋವೈದ್ಯರಲ್ಲಿಯೇ ಸಿಗುವುದೇ ಎಂದು ವಿಚಾರಿಸಿ. ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿಯೂ ಒಮ್ಮೆ ಕೇಳಿ.

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗಳಿಗೆ ಆಟಿಸಂ (ಮಾತು, ಒಡನಾಟದ ಬೆಳವಣಿಗೆಯಲ್ಲಿನ ತೊಂದರೆ) ಇದೆ. ಹದಿನೈದು ಇಪ್ಪತ್ತು ಪದಗಳನ್ನಷ್ಟೇ ಆಡುತ್ತಾಳೆ. ನಮ್ಮದು ತುಳು ಮನೆಮಾತು. ಗೊಂದಲವಾಗದಿರಲು ಮನೆಯಲ್ಲಿಯೂ ಇಂಗ್ಲಿಷೇ ಆಡಿ ಎಂದು ಅವಳ ಪ್ಲೇಸ್ಕೂಲಿನಲ್ಲಿ ಹೇಳಿದ್ದಾರೆ. ನನಗೆ ಇಂಗ್ಲಿಷ್ ಬಾರದು. ಅವಳೊಡನೆ ನನ್ನ ಮಾತೇ ನಿಂತುಹೋಗಿದೆ.
– ಒಬ್ಬ ಅಜ್ಜ, ಮಂಗಳೂರು

ಉತ್ತರ: ಇವತ್ತಿನಿಂದಲೇ ತುಳುವಿನಲ್ಲಿ ಮಾತನಾಡಿ. ಎರಡು ಭಾಷೆಯ ನಡುವೆ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದನ್ನು ಈವರೆಗಿನ ಅಧ್ಯಯನಗಳು ಸಮರ್ಥಿಸಿಲ್ಲ. ನಿಮ್ಮ ಮೌನದಿಂದ ಆಗುವ ನಷ್ಟ ಮಾತ್ರ ನಿಜ. ಅವಳು ತಂಬಿಗೆಯ ಕಡೆ ಕೈ ಚಾಚಿದಾಗ ‘ದಾದ ಬೋಡು’ (ಏನು ಬೇಕು) ಎಂದು ಹತ್ತು ಸಲ ಕೇಳಬೇಡಿ. ಅವಳು ಹೇಳಬೇಕಾದ ಮಾತನ್ನು ‘ನೀರ್ ಬೋಡು’ (ನೀರು ಬೇಕು) ಎಂದು ನೀವೇ ಆಡಿ, ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತಾ ಕಾಯಿರಿ, ಅವಳು ನೋಡಿದರೂ ಸದ್ದು ಮಾಡಿದರೂ ನೀರು ಕೊಡಿ. ಚಿತ್ರದ ಕಾರ್ಡು ತೋರಿಸಿ ಕೇಳಲು ಕಲಿಸಿದರೆ ಮಾತು ಬರುವುದು ತಡವಾಗುತ್ತದೆ ಎಂಬ ಭಯವೂ ಬೇಡ. ಅವಳಾಡುವ ತುಳು ಪದಗಳನ್ನು ಬರೆದಿಟ್ಟು ವಾಕ್ ಚಿಕಿತ್ಸಕರಿಗೆ ಒಪ್ಪಿಸಿ. ಇಂಗ್ಲಿಷ್ ಪದಗಳನ್ನಷ್ಟೇ ಎಣಿಸಿದರೆ ಅವಳಿಗಿರುವ ಭಾಷೆ ಅರ್ಧಕ್ಕರ್ಧ ಲೆಕ್ಕದಿಂದ ಹೊರಗುಳಿಯುತ್ತದೆ.

ಪ್ರಶ್ನೆ: ಒಂಬತ್ತನೆಯ ತರಗತಿಯ ಮಗಳಿಗೆ ಡಿಸ್ಲೆಕ್ಸಿಯಾ (ಓದಲು, ಬರೆಯಲು ಕಷ್ಟವಾಗುವ ತೊಂದರೆ). ಪರೀಕ್ಷೆಯ ರಿಯಾಯಿತಿಗೆ ಅಂಗವೈಕಲ್ಯ ಪ್ರಮಾಣಪತ್ರ ಬೇಕಂತೆ. ಮಾಡಿಸಲು ಮನಸ್ಸು ಒಪ್ಪುತ್ತಿಲ್ಲ.
– ಒಬ್ಬ ತಂದೆ, ಸುರತ್ಕಲ್

ಉತ್ತರ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ಕಲಿಕೆಯ ನಿರ್ದಿಷ್ಟ ನ್ಯೂನತೆಯೂ ಆಟಿಸಂ ಕೂಡ ಸೇರಿವೆ. (ಎಡಿಎಚ್‌ಡಿ ಆ ಪಟ್ಟಿಯಲ್ಲಿಲ್ಲ, ಬ್ರಹ್ಮಾವರದ ತಾಯಿ ಇದನ್ನು ಗಮನಿಸಬೇಕು.) ಪ್ರಮಾಣಪತ್ರಕ್ಕಾಗಿ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಿದ ಮೇಲೆ ತಪಾಸಣೆ, ವೈದ್ಯಕೀಯ ಮಂಡಳಿ ಎಂದು ಸಮಯ ಹಿಡಿಯುತ್ತದೆ, ಆಮೇಲೆ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಮನವಿ ಹೋಗಬೇಕು, ಹತ್ತನೆಯ ತರಗತಿಯ ಜನವರಿಯಲ್ಲಿ ಓಡಾಡುವುದಕ್ಕಿಂತ ಈಗಲೇ ಆರಂಭಿಸುವುದು ಮೇಲು. ನಿಮ್ಮ ಪತ್ರದಲ್ಲಿ ನಿಮ್ಮ ಮನಸ್ಸಿನ ಮಾತಿದೆ, ಮಗಳದ್ದಿಲ್ಲ. ಪರೀಕ್ಷೆ ಬರೆಯುವವಳು ಅವಳು. ಅವಳನ್ನು ಕೂರಿಸಿಕೊಂಡು ಕೇಳಿ.